ಪಾಪ ಮತ್ತು ಅರಿಯದ ತಪ್ಪು (ಕ್ರೈಸ್ತ ಚಿಂತನೆಯಲ್ಲಿ)

ದೇವರ ಆಜ್ಞೆಗೆ ವಿರುದ್ಧವೆಂದು ತಿಳಿದಿದ್ದೂ ಮನಸ್ಸೊಪ್ಪಿ ಮಾಡಿದ ಕೃತ್ಯ, ಆಡಿದ ಮಾತು, ಒಳಗೆ ಬೆಳೆಸಿಕೊಂಡ ಆಸೆ ಅಥವಾ ಕೈಬಿಟ್ಟ ಕರ್ತವ್ಯವನ್ನು ಕ್ರೈಸ್ತ ನೀತಿಶಾಸ್ತ್ರ ಪಾಪ ಎನ್ನುತ್ತದೆ. ತಿಳಿವಳಿಕೆಯಿಲ್ಲದೆ, ಗಮನ ತಪ್ಪಿ ಅಥವಾ ಸರಿಯೆಂದೇ ನಂಬಿ ಮಾಡಿದ ಕೆಡುಕು ಅರಿಯದ ತಪ್ಪು ಎನಿಸುತ್ತದೆ. ಹೊರಗೆ ಕಾಣುವ ಕೃತ್ಯ ಎರಡರಲ್ಲೂ ಒಂದೇ ಆಗಿರಬಹುದು. ಮಾಡಿದವನ ಅರಿವು ಮತ್ತು ಸಂಕಲ್ಪಗಳಲ್ಲಿ ವ್ಯತ್ಯಾಸವಿದೆ. ಈ ವಿವೇಚನೆಯ ಬೇರು ಯೆಹೂದ್ಯರ ಧರ್ಮಶಾಸ್ತ್ರದಲ್ಲಿದೆ. ಗ್ರೀಕ್ ತತ್ತ್ವಶಾಸ್ತ್ರ ಅದಕ್ಕೆ ಪರಿಭಾಷೆ ಒದಗಿಸಿತು, ಮಧ್ಯಯುಗದ ಯೂರೋಪು ಅದನ್ನು ಶಾಸ್ತ್ರವಾಗಿ ಬೆಳೆಸಿತು. ವ್ಯತ್ಯಾಸವನ್ನು ಎಲ್ಲ ಕ್ರೈಸ್ತ ಸಭೆಗಳೂ ಒಪ್ಪುತ್ತವೆ. ಅರಿಯದ ತಪ್ಪಿಗೂ ಕ್ಷಮೆ ಬೇಕೇ, ಅರಿಯದಿರುವುದೇ ಅಪರಾಧವಾಗುವುದು ಯಾವಾಗ ಎಂಬ ಎರಡು ಪ್ರಶ್ನೆಗಳಲ್ಲಿ ಮಾತ್ರ ಅವುಗಳ ದಾರಿ ಬೇರೆಯಾಗುತ್ತದೆ.

ಪರಿಭಾಷೆ

ಹೀಬ್ರೂ ಬೈಬಲಿನ ಹತ್ತಾತ್ ಎಂಬ ಪದ ಬೇಕೆಂದು ಮಾಡಿದ್ದಕ್ಕೂ ಅರಿಯದೆ ಮಾಡಿದ್ದಕ್ಕೂ ಸಲ್ಲುತ್ತದೆ. ದಂಗೆಯೇಳುವುದಕ್ಕೆ ಪೆಷ, ಗೊತ್ತಿಲ್ಲದೆ ಎಡವುವುದಕ್ಕೆ ಶೆಗಾಗಾ ಎಂಬ ಪ್ರತ್ಯೇಕ ಪದಗಳಿವೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪಾಪಕ್ಕೆ ಸಾಮಾನ್ಯ ಪದ ಹಮಾರ್ತಿಯ.

ನೈತಿಕ ಅಂಶವೇ ಇಲ್ಲದ ಎಡವಟ್ಟುಗಳು ಈ ಚರ್ಚೆಯ ಹೊರಗಿವೆ. ಲೆಕ್ಕ ಕೂಡುವಾಗ ಒಂದು ಅಂಕಿ ಬಿಟ್ಟುಹೋದರೆ ಅದು ಬರಿಯ ಪ್ರಮಾದ. ಅದೇ ಅಂಕಿಯಿಂದ ಕೂಲಿಯವನಿಗೆ ಸಂಬಳ ಕಡಿಮೆ ಸಂದಾಯವಾದರೆ ಅನ್ಯಾಯವೊಂದು ನಡೆದುಹೋಗಿದೆ, ಆದರೆ ಯಾರೂ ಅದನ್ನು ಬಯಸಿಲ್ಲ: ಇದು ಅರಿಯದ ತಪ್ಪು. ವಿಷಯ ತಿಳಿದ ಮೇಲೂ ಬಾಕಿ ಕೊಡದೆ ಸುಮ್ಮನಿದ್ದರೆ ಆ ಕ್ಷಣದಿಂದ ಪಾಪ. ನೀತಿಶಾಸ್ತ್ರಜ್ಞರು ಮಧ್ಯದ ಸ್ಥಿತಿಯನ್ನು ವಸ್ತುರೂಪದ ಪಾಪವೆಂದೂ ಕೊನೆಯದನ್ನು ಪೂರ್ಣಾರ್ಥದ ಪಾಪವೆಂದೂ ಬೇರ್ಪಡಿಸುತ್ತಾರೆ. ಒಳ್ಳೆಯದು ಕೆಟ್ಟದ್ದನ್ನು ಕುರಿತು ಬುದ್ಧಿ ಕೊಡುವ ತೀರ್ಪು ಮನಸ್ಸಾಕ್ಷಿ. ಅದು ತಪ್ಪು ತೀರ್ಪು ಕೊಟ್ಟಾಗ ಭ್ರಾಂತ ಮನಸ್ಸಾಕ್ಷಿ.

ಹಳೆಯ ಒಡಂಬಡಿಕೆ

ಯಾಜಕಕಾಂಡದ ನಾಲ್ಕನೇ ಅಧ್ಯಾಯ ಪೂರ್ತಿ ಅರಿಯದ ತಪ್ಪಿಗೇ ಮೀಸಲು. ಅಭಿಷಿಕ್ತ ಯಾಜಕನು ತಿಳಿಯದೆ ಆಜ್ಞೆ ಮೀರಿದರೆ ಒಂದು ಹೋರಿಯನ್ನು ದೋಷಪರಿಹಾರಕ ಯಜ್ಞವಾಗಿ ಅರ್ಪಿಸಬೇಕು. ಇಡೀ ಸಮುದಾಯ ತಪ್ಪಿದರೂ ಹೋರಿಯೇ. ಅಧಿಪತಿಯಾದರೆ ಹೋತ, ಸಾಮಾನ್ಯನಾದರೆ ಹೆಣ್ಣು ಆಡು ಅಥವಾ ಹೆಣ್ಣು ಕುರಿ. ಸ್ಥಾನ ದೊಡ್ಡದಾದಷ್ಟೂ ಬಲಿಯೂ ದೊಡ್ಡದು ಎಂಬ ಈ ಕ್ರಮ, ತಿಳಿದಿರಬೇಕಾದವನ ತಿಳಿಯದಿರುವಿಕೆಗೆ ಹೆಚ್ಚು ತೂಕವಿದೆಯೆಂಬ ಮುಂದಿನ ವಾದಗಳಿಗೆ ಆಧಾರವಾಯಿತು. ಐದನೇ ಅಧ್ಯಾಯ ಹೆಸರಿಸುವ ಕೆಲವು ದೋಷಗಳಿಗೆ ಬಡವನು ಎರಡು ಪಾರಿವಾಳದ ಮರಿಗಳನ್ನೋ, ಅದಕ್ಕೂ ಗತಿಯಿಲ್ಲದವನು ಒಂದಿಷ್ಟು ಗೋಧಿಹಿಟ್ಟನ್ನೋ ತರಬಹುದಿತ್ತು.

ಅರಣ್ಯಕಾಂಡದ ಹದಿನೈದನೇ ಅಧ್ಯಾಯ ಗೆರೆಯನ್ನು ಇನ್ನೂ ದಪ್ಪವಾಗಿ ಎಳೆಯುತ್ತದೆ. ತಿಳಿಯದೆ ತಪ್ಪಿದವನು ಒಂದು ವರ್ಷದ ಹೆಣ್ಣು ಆಡನ್ನು ಅರ್ಪಿಸಿ ಕ್ಷಮೆ ಪಡೆಯಬಹುದು. ಈ ವಿಧಿ ಇಸ್ರಾಯೇಲ್ಯನಿಗೂ ಅವರ ನಡುವೆ ವಾಸಿಸುವ ಪರದೇಶಿಗೂ ಒಂದೇ. ಕೈಯೆತ್ತಿ, ಅಂದರೆ ಸವಾಲು ಹಾಕುವಂತೆ ಆಜ್ಞೆ ಮೀರಿದವನನ್ನು ಮಾತ್ರ ಜನರಿಂದ ಕಿತ್ತುಹಾಕಬೇಕೆಂದಿದೆ. ಅವನಿಗಾಗಿ ಅಲ್ಲಿ ಯಾವ ಬಲಿಯನ್ನೂ ಹೇಳಿಲ್ಲ.

ಸಿವಿಲ್ ವಿಷಯದಲ್ಲಿ ಇದೇ ವಿವೇಚನೆ ಆಶ್ರಯನಗರಗಳ ವ್ಯವಸ್ಥೆಯಾಯಿತು. ಯೊರ್ದನ್ ನದಿಯ ಪಶ್ಚಿಮಕ್ಕೆ ಕೆದೆಷ್, ಶೆಕೆಮ್, ಹೆಬ್ರೋನ್, ಪೂರ್ವಕ್ಕೆ ಬೆಚೆರ್, ರಾಮೋತ್, ಗೋಲಾನ್ ಎಂಬ ಆರು ಪಟ್ಟಣಗಳನ್ನು ಯೆಹೋಶುವನ ಗ್ರಂಥ ಹೆಸರಿಸುತ್ತದೆ. ಧರ್ಮೋಪದೇಶಕಾಂಡ ಕೊಡುವ ಉದಾಹರಣೆ ಸ್ಪಷ್ಟವಾಗಿದೆ: ಇಬ್ಬರು ಮರ ಕಡಿಯಲು ಕಾಡಿಗೆ ಹೋಗಿದ್ದಾರೆ, ಒಬ್ಬನ ಕೊಡಲಿ ಕಾವಿನಿಂದ ಕಳಚಿ ಹಾರಿ ಜೊತೆಯವನಿಗೆ ತಗುಲಿ ಅವನು ಸಾಯುತ್ತಾನೆ, ಇಬ್ಬರ ನಡುವೆ ಹಿಂದೆ ಹಗೆಯಿರಲಿಲ್ಲ. ಇಂಥವನು ಆಶ್ರಯನಗರಕ್ಕೆ ಓಡಿಹೋದರೆ ಸತ್ತವನ ಬಂಧು ಅವನನ್ನು ಕೊಲ್ಲುವಂತಿಲ್ಲ. ಆದರೆ ಮಹಾಯಾಜಕ ತೀರಿಕೊಳ್ಳುವ ತನಕ ಅವನು ಅಲ್ಲೇ ಇರಬೇಕು. ಗಡಿ ದಾಟಿ ಹೊರಗೆ ಸಿಕ್ಕಿ ಕೊಲೆಯಾದರೆ ಕೊಂದವನಿಗೆ ದೋಷವಿಲ್ಲ. ಕೊಲೆಗಾರನಲ್ಲವೆಂದು ತೀರ್ಮಾನವಾದ ಮನುಷ್ಯನೂ ಮನೆಗೆ ಮರಳಲಾಗದೆ ಉಳಿಯುತ್ತಾನೆ. ಚೆಲ್ಲಿದ ರಕ್ತಕ್ಕೆ, ಯಾರ ತಪ್ಪೂ ಇಲ್ಲದಿದ್ದರೂ, ಪರಿಹಾರ ಬೇಕೆಂಬ ಈ ಭಾವನೆ ಮುಂದೆ ಪೌರಸ್ತ್ಯ ಸಭೆಗಳ ನಿಯಮಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಹೊಸ ಒಡಂಬಡಿಕೆ

ಲೂಕನ ಸುವಾರ್ತೆಯ ಹನ್ನೆರಡನೇ ಅಧ್ಯಾಯದ ಸಾಮ್ಯದಲ್ಲಿ ಯಜಮಾನನ ಇಷ್ಟ ತಿಳಿದೂ ಮಾಡದ ಆಳಿಗೆ ಬಹಳ ಪೆಟ್ಟು ಬೀಳುತ್ತದೆ, ತಿಳಿಯದೆ ತಪ್ಪಿದ ಆಳಿಗೆ ಸ್ವಲ್ಪ ಪೆಟ್ಟು. ಸ್ವಲ್ಪವಾದರೂ ಪೆಟ್ಟು ಬಿದ್ದೇ ಬೀಳುತ್ತದೆ ಎಂಬುದು ವ್ಯಾಖ್ಯಾನಕಾರರನ್ನು ಸದಾ ಕಾಡಿದ ಅಂಶ. ಶಿಲುಬೆಯ ಮೇಲೆ ಯೇಸು ತನ್ನನ್ನು ಕೊಲ್ಲುತ್ತಿದ್ದವರ ಅರಿಯಮೆಯನ್ನೇ ಕಾರಣವಾಗಿಟ್ಟು ಅವರಿಗೆ ಕ್ಷಮೆ ಬೇಡಿದನೆಂದು ಲೂಕ ಹೇಳುತ್ತಾನೆ. ಈ ಪ್ರಸಂಗವನ್ನು ಎರಡೂ ಪಕ್ಷದವರು ಬಳಸಿದ್ದಾರೆ: ಅರಿಯದವರು ತಪ್ಪಿತಸ್ಥರಲ್ಲ ಎನ್ನಲು ಒಬ್ಬರು, ಅರಿಯದಿದ್ದರೂ ಕ್ಷಮೆ ಬೇಕಾಯಿತಲ್ಲ ಎನ್ನಲು ಇನ್ನೊಬ್ಬರು.

ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ, ಕಾಣುತ್ತೇವೆಂದು, ಅಂದರೆ ತಿಳಿದಿದ್ದೇವೆಂದು ಹೇಳಿಕೊಳ್ಳುವುದರಿಂದಲೇ ಫರಿಸಾಯರೆಂಬ ಯೆಹೂದ್ಯ ಪಂಥದವರ ಪಾಪ ಉಳಿಯುತ್ತದೆ. ಪೌಲನು ತಾನು ಸಭೆಯನ್ನು ಹಿಂಸಿಸಿದ್ದು ತಿಳಿಯದೆ, ಆದ್ದರಿಂದ ತನಗೆ ಕರುಣೆ ದೊರೆಯಿತು ಎಂಬರ್ಥದ ಮಾತನ್ನು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಕಾಣಬಹುದು. ಒಳ್ಳೆಯದನ್ನು ತಿಳಿದೂ ಮಾಡದಿರುವುದು ಪಾಪವೆಂದು ಯಾಕೋಬನ ಪತ್ರಿಕೆ ಸೇರಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೇ ಅಧ್ಯಾಯ ವಿಷಯವನ್ನು ತಿರುವಿಹಾಕುತ್ತದೆ: ಯಾವ ಆಹಾರವೂ ತನ್ನಷ್ಟಕ್ಕೆ ಅಶುದ್ಧವಲ್ಲ, ಆದರೆ ಅಶುದ್ಧವೆಂದು ನಂಬಿಕೊಂಡೇ ತಿಂದವನಿಗೆ ಅದು ಪಾಪ. ಹೀಗೆ ನಿರ್ದೋಷ ಕೃತ್ಯವೂ ಭ್ರಾಂತ ಮನಸ್ಸಾಕ್ಷಿಯಿಂದ ಪಾಪವಾಗಬಲ್ಲದು.

ಸಭಾಪಿತೃಗಳ ಕಾಲ

ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲ್ ತನ್ನ ನೀತಿಗ್ರಂಥದ ಮೂರನೇ ಭಾಗದಲ್ಲಿ ಬಲಾತ್ಕಾರ ಅಥವಾ ಅಜ್ಞಾನದಿಂದ ನಡೆದ ಕ್ರಿಯೆ ಇಚ್ಛಾಪೂರ್ವಕವಲ್ಲವೆಂದು ಹೇಳಿದ್ದ. ಕೆಸರೆಯದ ಬಿಷಪ್ ಬೆಸಿಲ್ (ಸು. 330-379) ಬರೆದ ನಿಯಮಪತ್ರಗಳಲ್ಲಿ ಇಂಥದೇ ವಿವೇಚನೆ ನ್ಯಾಯಾಧೀಶನ ನಿಖರತೆಯೊಂದಿಗೆ ಬರುತ್ತದೆ. ನಾಯಿಗೋ ಮರಕ್ಕೋ ಎಸೆದ ಕಲ್ಲು ಮನುಷ್ಯನಿಗೆ ತಗುಲಿ ಅವನು ಸತ್ತರೆ ಅದು ಅನುದ್ದೇಶಿತ. ಕತ್ತಿ ಬೀಸಿದವನಿಗೆ ಆ ನೆಪವಿಲ್ಲ. ಗಂಡಸನ್ನು ಒಲಿಸಿಕೊಳ್ಳಲು ಮದ್ದು ಹಾಕಿ, ಅದರಿಂದ ಅವನು ಸತ್ತರೆ, ಸಾವು ಬಯಸಿರದಿದ್ದರೂ ಉದ್ದೇಶಪೂರ್ವಕ ಕೊಲೆಯೇ, ಏಕೆಂದರೆ ಮಾಡಹೊರಟ ಕೆಲಸವೇ ನಿಷಿದ್ಧ. ಬೇಕೆಂದು ಕೊಂದವನಿಗೆ 20 ವರ್ಷ, ಬಯಸದೆ ಕೊಂದವನಿಗೆ 10 ವರ್ಷ ಪ್ರಭುಭೋಜನ ಸಂಸ್ಕಾರದಿಂದ ದೂರವಿರುವ ಪ್ರಾಯಶ್ಚಿತ್ತವನ್ನು ಬೆಸಿಲ್ ವಿಧಿಸುತ್ತಾನೆ. ಎರಡನೆಯ ಅಂಕಿ ಸೊನ್ನೆಯಲ್ಲದಿರುವುದು ಗಮನಾರ್ಹ.

ಪಾಶ್ಚಾತ್ಯ ಸಭೆಯಲ್ಲಿ ಚರ್ಚೆಯ ಚೌಕಟ್ಟು ಹಾಕಿದವನು ಹಿಪ್ಪೋದ ಅಗಸ್ಟೀನ್ (354-430). ಇಚ್ಛೆಯಿಲ್ಲದೆ ಪಾಪವೇ ಇಲ್ಲವೆಂದು ಆರಂಭದ ಕೃತಿಗಳಲ್ಲಿ ಅವನು ವಾದಿಸಿದ. ಅವನ ಎದುರಾಳಿಗಳಾದ ಪೆಲೇಜಿಯಸ್‌ನ ಅನುಯಾಯಿಗಳು ಅದೇ ವಾದವನ್ನು ಹಿಡಿದು, ಹುಟ್ಟಿನಿಂದ ಬರುವ ಪಾಪವೆಂಬುದು ಸಾಧ್ಯವಿಲ್ಲ ಎಂದಾಗ ಅವನಿಗೆ ತನ್ನ ಮಾತನ್ನು ವಿವರಿಸಬೇಕಾಯಿತು. ಮನುಷ್ಯನ ಅಜ್ಞಾನವೇ ಆದಿಪಾಪದ ಶಿಕ್ಷೆ; ಅರಿಯದೆ ತಪ್ಪುವವನೂ, ಮಾಡಬೇಕಾದ್ದು ಇದೇ ಎಂದುಕೊಂಡಾದರೂ, ಇಚ್ಛಿಸಿಯೇ ಮಾಡುತ್ತಾನೆ ಎಂದು ಬಾಳಿನ ಕೊನೆಯಲ್ಲಿ ತನ್ನ ಕೃತಿಗಳನ್ನೆಲ್ಲ ಮರುಪರಿಶೀಲಿಸಿ ಬರೆದ ಗ್ರಂಥದಲ್ಲಿ ಹೇಳಿದ. ಮುಂದಿನ ಹನ್ನೆರಡು ಶತಮಾನಗಳ ಜಗಳಗಳಲ್ಲಿ ಎರಡು ಕಡೆಯವರಿಗೂ ಅಗಸ್ಟೀನನೇ ಸಾಕ್ಷಿಯಾದದ್ದು ಈ ಕಾರಣದಿಂದ.

ಮಧ್ಯಯುಗ

ಪೀಟರ್ ಅಬೆಲಾರ್ (1079-1142) ಪಾಪವನ್ನು ಪೂರ್ತಿ ಒಳಗೆ ಸರಿಸಿದ. ಅವನ ಪ್ರಕಾರ ಹೊರಗಿನ ಕೃತ್ಯ ಪಾಪವನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ದೇವರನ್ನು ತಿರಸ್ಕರಿಸಿ ಕೆಡುಕಿಗೆ ಮನಸ್ಸು ಕೊಡುವ ಸಮ್ಮತಿಯೇ ಪಾಪ. ಇದರಿಂದ, ಧರ್ಮಕಾರ್ಯವೆಂದು ನಂಬಿ ಕ್ರಿಸ್ತನನ್ನು ಶಿಲುಬೆಗೇರಿಸಿದವರು ನಿಜಾರ್ಥದಲ್ಲಿ ಪಾಪ ಮಾಡಲಿಲ್ಲವೆಂಬ ನಿಗಮನ ಬರುತ್ತದೆ. ಕ್ಲೇರ್ವೋದ ಬರ್ನಾರ್ಡ್ ಮುಂದಾಗಿ ನಿಂತು ಸಾನ್ಸ್‌ನ ಧರ್ಮಸಭೆಯಲ್ಲಿ (1140 ಅಥವಾ 1141) ಖಂಡನೆ ಮಾಡಿಸಿದ ಹೇಳಿಕೆಗಳಲ್ಲಿ ಇದೂ ಒಂದು.

ಥಾಮಸ್ ಅಕ್ವೈನಾಸ್ (ಸು. 1225-1274) ಅಬೆಲಾರನ ಒಳನೋಟವನ್ನು ಉಳಿಸಿಕೊಂಡು ಅದಕ್ಕೆ ಅಂಕುಶ ಹಾಕಿದ. ಮನಸ್ಸಾಕ್ಷಿ ತಪ್ಪಾಗಿದ್ದರೂ ಅದನ್ನು ಮೀರುವುದು ಪಾಪ; ಕ್ರಿಸ್ತನನ್ನು ನಂಬುವುದು ಕೆಟ್ಟದ್ದೆಂದು ಒಬ್ಬನ ಬುದ್ಧಿಗೆ ತೋರಿದರೆ, ನಂಬಲು ಹೊರಡುವ ಅವನ ಇಚ್ಛೆಯೂ ಕೆಟ್ಟದ್ದೇ ಆಗುತ್ತದೆಂದು ಹೇಳುವಷ್ಟು ದೂರ ಅವನು ಹೋಗುತ್ತಾನೆ. ಆದರೆ ಮನಸ್ಸಾಕ್ಷಿಯಂತೆ ನಡೆದ ಮಾತ್ರಕ್ಕೆ ದೋಷ ಕಳೆಯುವುದಿಲ್ಲ. ತಪ್ಪು ತಿಳಿವಳಿಕೆ ಎಲ್ಲಿಂದ ಬಂತೆಂದು ಕೇಳಬೇಕು. ಕತ್ತಲಲ್ಲಿ ಪರಸ್ತ್ರೀಯನ್ನು ತನ್ನ ಹೆಂಡತಿಯೆಂದೇ ತಿಳಿದವನು ಸನ್ನಿವೇಶವನ್ನು ಅರಿಯಲಿಲ್ಲ, ಆದ್ದರಿಂದ ಕ್ಷಮಾರ್ಹ. ಪರಸ್ತ್ರೀಗಮನ ಧರ್ಮವೆಂದು ತಿಳಿದವನು ಅರಿಯಲೇಬೇಕಾದ ಆಜ್ಞೆಯನ್ನು ಅರಿಯಲಿಲ್ಲ, ಆದ್ದರಿಂದ ಅಲ್ಲ.

ಅಜ್ಞಾನದ ಬಗೆಗಳು

ಈ ಪರಂಪರೆಯಲ್ಲಿ ಬೆಳೆದ ವರ್ಗೀಕರಣ ಇಂದಿಗೂ ಕಥೋಲಿಕ ನೀತಿಶಾಸ್ತ್ರದ ಬೆನ್ನೆಲುಬು. ಮೊದಲ ವಿಭಾಗ ನಿವಾರ್ಯ ಮತ್ತು ಅನಿವಾರ್ಯ ಅಜ್ಞಾನ. ತನ್ನ ಸ್ಥಿತಿಗತಿಗೆ ತಕ್ಕ ಸಾಮಾನ್ಯ ಎಚ್ಚರ ವಹಿಸಿದರೂ ಕಳೆದುಕೊಳ್ಳಲಾಗದ್ದು ಅನಿವಾರ್ಯ. ಅದರಿಂದಾದ ಕೆಡುಕಿಗೆ ಮನುಷ್ಯ ಹೊಣೆಯಲ್ಲ. ವಿಚಾರಿಸಿದ್ದರೆ ತಿಳಿಯಬಹುದಾಗಿದ್ದದ್ದು ನಿವಾರ್ಯ. ನಿವಾರ್ಯದಲ್ಲೂ ತರತಮವಿದೆ: ಸ್ವಲ್ಪ ಉದಾಸೀನದಿಂದ ಉಳಿದದ್ದು, ಏನೇನೂ ಪ್ರಯತ್ನಿಸದೆ ಉಳಿದ ಜಡ ಅಜ್ಞಾನ, ತಿಳಿದರೆ ಬಿಡಬೇಕಾದೀತೆಂದು ಬೇಕೆಂದೇ ಉಳಿಸಿಕೊಂಡದ್ದು. ಕೊನೆಯ ಬಗೆ ಹೊಣೆಯನ್ನು ಕುಗ್ಗಿಸುವ ಬದಲು ಹೆಚ್ಚಿಸಲೂಬಹುದು.

ಎರಡನೆಯ ವಿಭಾಗ ಅಜ್ಞಾನಕ್ಕೂ ಇಚ್ಛೆಗೂ ಇರುವ ಸಂಬಂಧವನ್ನು ನೋಡುತ್ತದೆ. ಅಕ್ವೈನಾಸ್ ಬಳಸುವ ಉದಾಹರಣೆ ಬೇಟೆಗಾರನದು. ಜಿಂಕೆಯೆಂದು ಬಾಣ ಬಿಟ್ಟು ತನ್ನ ವೈರಿಯನ್ನು ಕೊಂದವನು, ವೈರಿಯೆಂದು ಗೊತ್ತಿದ್ದರೂ ಸಂತೋಷದಿಂದ ಬಿಡುತ್ತಿದ್ದನೆಂದರೆ, ಅವನು ಆ ಸಾವನ್ನು ಬಯಸಿ ಮಾಡಿದನೆಂದು ಹೇಳಲಾಗದು, ಬಯಸದೆ ಮಾಡಿದನೆಂದೂ ಹೇಳಲಾಗದು. ತಪ್ಪು ಅರಿಯದೆ ಆಗಿರಬಹುದು. ಅದು ತಿಳಿದಾಗ ಮನಸ್ಸು ನೊಂದುಕೊಳ್ಳುವುದೋ ಹಿಗ್ಗುವುದೋ ಎಂಬುದನ್ನೂ ಈ ಶಾಸ್ತ್ರ ಲೆಕ್ಕಕ್ಕೆ ಹಿಡಿಯುತ್ತದೆ.

ಈ ವರ್ಗೀಕರಣದ ಮೇಲೆ, ದೇವರೊಂದಿಗಿನ ಸಂಬಂಧವನ್ನೇ ಕಡಿಯುವ ಮಾರಕ ಪಾಪ ಮತ್ತು ಅದನ್ನು ಕಡಿಯದ ಲಘು ಪಾಪ ಎಂಬ ವಿಂಗಡಣೆ ನಿಂತಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ ಮಾರಕ ಪಾಪಕ್ಕೆ ಮೂರು ಷರತ್ತುಗಳು ಒಟ್ಟಿಗೆ ಕೂಡಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಬುದ್ಧಿಪೂರ್ವಕ ಸಮ್ಮತಿಯಿರಬೇಕು.

ಹದಿನಾರು, ಹದಿನೇಳನೇ ಶತಮಾನದ ವಿವಾದಗಳು

ಅನಿವಾರ್ಯ ಅಜ್ಞಾನದ ತತ್ತ್ವಕ್ಕೆ ಅತಿದೊಡ್ಡ ಪರೀಕ್ಷೆ ಒಡ್ಡಿದ್ದು ಅಮೆರಿಕದ ಮೂಲನಿವಾಸಿಗಳ ಪ್ರಶ್ನೆ. ಸಲಮಾಂಕದ ಪ್ರಾಧ್ಯಾಪಕ ಫ್ರಾನ್ಸಿಸ್ಕೊ ದ ವಿತೋರಿಯ 1539ರ ಉಪನ್ಯಾಸಗಳಲ್ಲಿ, ಕ್ರಿಸ್ತನ ಹೆಸರನ್ನೇ ಕೇಳಿರದವರಿಗೆ ಅವಿಶ್ವಾಸದ ಪಾಪ ಅಂಟುವುದಿಲ್ಲವೆಂದ. ಅಷ್ಟಕ್ಕೆ ನಿಲ್ಲಲಿಲ್ಲ, ಯಾವ ಸಾಕ್ಷ್ಯವೂ ಇಲ್ಲದೆ ಮೊದಲ ಸಲ ಸಾರಿದ ಕೂಡಲೇ ನಂಬುವ ಬಾಧ್ಯತೆಯೂ ಅವರಿಗಿಲ್ಲ, ಆದ್ದರಿಂದ ನಂಬಲಿಲ್ಲವೆಂಬ ಕಾರಣಕ್ಕೆ ಅವರ ಮೇಲೆ ಯುದ್ಧ ಸಾರುವಂತಿಲ್ಲ ಎಂದೂ ವಾದಿಸಿದ.

ಫ್ರಾನ್ಸಿನಲ್ಲಿ ಜಗಳ ಬೇರೆ ರೂಪ ತಾಳಿತು. ಕೆಡುಕಿನ ಅರಿವನ್ನು ದೇವರು ಆ ಕ್ಷಣದಲ್ಲಿ ಮನಸ್ಸಿಗೆ ತರದಿದ್ದರೆ ಕೃತ್ಯ ಪಾಪವೆನಿಸದು ಎಂಬ ಜೆಸ್ವಿಟ್ ವಾದವನ್ನು ಬ್ಲೇಸ್ ಪಾಸ್ಕಲ್ 1656-57ರ ತನ್ನ ಪ್ರಾಂತೀಯ ಪತ್ರಗಳಲ್ಲಿ, ಮುಖ್ಯವಾಗಿ ನಾಲ್ಕನೆಯದರಲ್ಲಿ, ಲೇವಡಿ ಮಾಡಿದ. ದೇವರನ್ನು ಎಂದೂ ನೆನೆಯದ ಪೂರ್ಣ ದುಷ್ಟನೇ ಆ ಲೆಕ್ಕದಲ್ಲಿ ಎಲ್ಲರಿಗಿಂತ ನಿರಪರಾಧಿಯಾಗುತ್ತಾನೆಂಬುದು ಅವನ ಚುಚ್ಚುಮಾತಿನ ತಿರುಳು. ಮೂರು ದಶಕದ ನಂತರ ದಿಜೋನ್‌ನಲ್ಲಿ ಮಂಡಿತವಾದ ‘ತಾತ್ತ್ವಿಕ ಪಾಪ’ದ ಸಿದ್ಧಾಂತ ಇದೇ ದಾರಿಯಲ್ಲಿ ಹೋಗಿ, ದೇವರನ್ನು ಅರಿಯದವನು ವಿವೇಕಕ್ಕೆ ವಿರುದ್ಧವಾಗಿ ನಡೆದರೂ ಅದು ದೇವದ್ರೋಹವಲ್ಲ ಎಂದಿತು. ಪೋಪ್ ಎಂಟನೇ ಅಲೆಕ್ಸಾಂಡರ್ ಇದನ್ನು 1690ರ ಆಗಸ್ಟ್‌ನಲ್ಲಿ ಖಂಡಿಸಿದ. ಅದೇ ವರ್ಷ ಡಿಸೆಂಬರ್‌ನಲ್ಲಿ, ಅನಿವಾರ್ಯ ಅಜ್ಞಾನವೂ ಪಾಪದಿಂದ ಬಿಡಿಸದು ಎಂಬ, ಅಗಸ್ಟೀನನನ್ನು ಕಟ್ಟುನಿಟ್ಟಾಗಿ ಅನುಸರಿಸುತ್ತಿದ್ದ ಜಾನ್ಸೆನ್‌ವಾದಿಗಳ ಎದುರು ವಾದವನ್ನೂ ಖಂಡಿಸಿದ. ನಾಲ್ಕು ತಿಂಗಳ ಅಂತರದ ಈ ಎರಡು ಆಜ್ಞೆಗಳು ಕಥೋಲಿಕ ನಿಲುವಿಗೆ ಎರಡು ಕಡೆಯ ಬೇಲಿಯಾದವು. ಅವುಗಳ ನಡುವೆ ಮಧ್ಯಮಾರ್ಗವನ್ನು ಗಟ್ಟಿಗೊಳಿಸಿದವನು ಅಲ್ಫೋನ್ಸಸ್ ಲಿಗುವೊರಿ (1696-1787).

ಸುಧಾರಣಾ ಸಭೆಗಳು

ಮಾರ್ಟಿನ್ ಲೂಥರ್ ಪಾಪದ ಬೇರನ್ನು ಒಂದೊಂದು ಕೃತ್ಯದಲ್ಲಿ ಹುಡುಕಲಿಲ್ಲ. ಅವಿಶ್ವಾಸವೇ ಬೇರು, ಸಮ್ಮತಿ ಸಿಗುವ ಮೊದಲೇ ಏಳುವ ದುರಾಸೆಯೂ ಪಾಪವೇ ಎಂದ. ಜಾನ್ ಕ್ಯಾಲ್ವಿನ್ ಮಾರಕ-ಲಘು ವಿಂಗಡಣೆಯನ್ನು ತಳ್ಳಿಹಾಕಿ, ಎಲ್ಲ ಪಾಪವೂ ಮರಣಯೋಗ್ಯ, ವಿಶ್ವಾಸಿಯದು ದೇವರ ಕರುಣೆಯಿಂದ ಕ್ಷಮ್ಯ ಎಂದ. ಅವನ ಪರಂಪರೆಗೆ ಸೇರಿದ 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ಪ್ರಶ್ನೋತ್ತರಗಳಲ್ಲಿ ಪಾಪವೆಂದರೆ ದೇವರ ಆಜ್ಞೆಗೆ ಹೊಂದದಿರುವುದು ಅಥವಾ ಅದನ್ನು ಮೀರುವುದು. ವ್ಯಾಖ್ಯೆಯಲ್ಲಿ ಅರಿವಿನ ಮಾತೇ ಇಲ್ಲ. ಅರಿವು ಅಲ್ಲಿ ಪಾಪದ ಭಾರವನ್ನು ಹೆಚ್ಚಿಸುವ ಸಂಗತಿಗಳ ಪಟ್ಟಿಯಲ್ಲಿ ಬರುತ್ತದೆ.

ಮೆಥಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ (1703-1791) ಈ ವಿಷಯದಲ್ಲಿ ಕ್ಯಾಲ್ವಿನನಿಂದ ದೂರ ಸರಿದ. ಗೊತ್ತಿರುವ ದೈವಾಜ್ಞೆಯನ್ನು ಇಚ್ಛಾಪೂರ್ವಕವಾಗಿ ಮೀರುವುದು ಮಾತ್ರ ಸರಿಯಾದ ಅರ್ಥದಲ್ಲಿ ಪಾಪ. ಗೊತ್ತಿದ್ದೋ ಇಲ್ಲದೆಯೋ ಇಚ್ಛೆಯಿಲ್ಲದೆ ಮೀರಿದ್ದನ್ನು ಪಾಪವೆನ್ನುವುದು ಸಡಿಲ ಅರ್ಥದಲ್ಲಿ. ದೇವರನ್ನು ಪೂರ್ಣವಾಗಿ ಪ್ರೀತಿಸುವ ಸ್ಥಿತಿ ಈ ಲೋಕದಲ್ಲೇ ಸಾಧ್ಯವೆಂದು ಬೋಧಿಸುತ್ತಿದ್ದವನಿಗೆ ಈ ಭೇದ ಅಗತ್ಯವಾಗಿತ್ತು, ಏಕೆಂದರೆ ಅಂಥವರೂ ತಪ್ಪು ಮಾಡುವುದನ್ನು ಎಲ್ಲರೂ ಕಾಣುತ್ತಿದ್ದರು. ಕ್ರೈಸ್ತ ಪರಿಪೂರ್ಣತೆಯನ್ನು ಕುರಿತ 1766ರ ಪುಸ್ತಕದಲ್ಲಿ ವೆಸ್ಲಿ ಕೊಡುವ ಉದಾಹರಣೆ ಫ್ರಾನ್ಸಿನ ಭಕ್ತ ದ ರೆಂತಿಯದು: ದೇಹದಂಡನೆಯ ಬಗ್ಗೆ ಬಾಲ್ಯದಿಂದ ಕಲಿತ ತಪ್ಪು ಅಭಿಪ್ರಾಯದಿಂದ ಅವನು ಸೊಂಟಕ್ಕೆ ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳುತ್ತಿದ್ದ, ಆಚರಣೆ ತಪ್ಪು, ಪ್ರೀತಿಗೆ ಕೊರತೆಯಿಲ್ಲ. ಆದರೂ ಇಂಥ ತಪ್ಪುಗಳು ದೇವರ ಕಟ್ಟುನಿಟ್ಟಾದ ನ್ಯಾಯದ ಮುಂದೆ ನಿಲ್ಲಲಾರವು, ಅವಕ್ಕೂ ಕ್ರಿಸ್ತನ ಪ್ರಾಯಶ್ಚಿತ್ತ ಬೇಕು ಎಂದು ವೆಸ್ಲಿ ಸೇರಿಸಿದ. ‘ಪಾಪರಹಿತ ಪರಿಪೂರ್ಣತೆ’ ಎಂಬ ಪದವನ್ನು ಅವನು ಬೇಕೆಂದೇ ದೂರವಿಟ್ಟ.

ಪೌರಸ್ತ್ಯ ಸಭೆಗಳು

ಆರ್ಥಡಾಕ್ಸ್ ಪರಂಪರೆಯಲ್ಲಿ ಪಾಪವನ್ನು ನ್ಯಾಯಾಲಯದ ಅಪರಾಧಕ್ಕಿಂತ ಹೆಚ್ಚಾಗಿ ರೋಗವಾಗಿ ಕಾಣುತ್ತಾರೆ. ಪ್ರಭುಭೋಜನಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಬೇಕೆಂದು ಮಾಡಿದ್ದಕ್ಕೂ ಬಯಸದೆ ಆದದ್ದಕ್ಕೂ, ತಿಳಿದದ್ದಕ್ಕೂ ತಿಳಿಯದ್ದಕ್ಕೂ ಒಟ್ಟಿಗೆ ಕ್ಷಮೆ ಬೇಡುತ್ತಾರೆ. ಬೆಸಿಲನ ನಿಯಮಗಳು ಅಲ್ಲಿ ಇಂದಿಗೂ ಸಭಾನಿಯಮಗಳ ಭಾಗ.

ಬಳಕೆ

ಈ ಭೇದ ನಿತ್ಯದ ಬಳಕೆಗೆ ಬರುವ ಮುಖ್ಯ ಸ್ಥಳ ಪಾಪನಿವೇದನೆಯ ಪೀಠ. ಟ್ರೆಂಟ್ ಧರ್ಮಸಭೆ 1551ರಲ್ಲಿ ಮಾರಕ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಸಹಿತ ನಿವೇದಿಸಬೇಕೆಂದು ವಿಧಿಸಿತು. ಪೂರ್ಣ ಅರಿವಿಲ್ಲದೆ ನಡೆದದ್ದು ಈ ಕಡ್ಡಾಯದೊಳಗೆ ಬಾರದು. ಆದರೂ ಅದರಿಂದ ಇನ್ನೊಬ್ಬನಿಗಾದ ನಷ್ಟವನ್ನು ತಿಳಿದ ಮೇಲೆ ಸರಿಪಡಿಸಲು ಪಾದ್ರಿ ಸೂಚಿಸಬಹುದು. 1983ರ ಸಭಾಕಾನೂನಿನ 1323ನೇ ನಿಯಮ, ತನ್ನ ತಪ್ಪಿಲ್ಲದೆ ಕಾನೂನು ಅರಿಯದವನಿಗೂ 16 ವರ್ಷ ತುಂಬದವನಿಗೂ ದಂಡನೆಯಿಂದ ವಿನಾಯಿತಿ ಕೊಡುತ್ತದೆ. ಅಲಕ್ಷ್ಯ ಮತ್ತು ತಪ್ಪು ತಿಳಿವಳಿಕೆಗಳನ್ನು ಅಜ್ಞಾನಕ್ಕೆ ಸಮವೆಂದು ಎಣಿಸುತ್ತದೆ.

ಭೇದ ಮಸುಕಾದಾಗ ಹುಟ್ಟುವ ತೊಂದರೆ ಅತಿಯಾದ ಪಾಪಭೀತಿ: ಪಾಪವಲ್ಲದ್ದನ್ನೂ ಪಾಪವೆಂದು ಹೆದರಿ ಮತ್ತೆ ಮತ್ತೆ ನಿವೇದಿಸುವ ಸ್ಥಿತಿ. ಲೊಯೋಲದ ಇಗ್ನೇಷಿಯಸ್ ತನ್ನ ಆಧ್ಯಾತ್ಮಿಕ ಸಾಧನೆಗಳು ಎಂಬ ಕೃತಿಯಲ್ಲಿ, ನೆಲದ ಮೇಲೆ ಶಿಲುಬೆಯಾಕಾರದಲ್ಲಿ ಬಿದ್ದ ಎರಡು ಹುಲ್ಲುಕಡ್ಡಿಗಳನ್ನು ತುಳಿದು ಪಾಪ ಮಾಡಿದೆನೆಂದುಕೊಳ್ಳುವವನನ್ನು ಉದಾಹರಿಸುತ್ತಾನೆ. ಅವನ ಪ್ರಕಾರ ಅದು ತಪ್ಪು ತೀರ್ಪು ಅಷ್ಟೆ. ಪಾಪವೇ ಅಲ್ಲವೇ ಎಂದು ತೂಗಾಡುತ್ತ ನೆಮ್ಮದಿಗೆಡುವುದು ನಿಜವಾದ ಪಾಪಭೀತಿ. ಇದರ ತೀವ್ರ ರೂಪವನ್ನು ಇಂದಿನ ಮನೋವೈದ್ಯರು ಗೀಳು ಕಾಯಿಲೆಯ ಒಂದು ಬಗೆಯಾಗಿ ಚಿಕಿತ್ಸೆ ಮಾಡುತ್ತಾರೆ.

ಇಂದಿನ ಸ್ಥಿತಿ

ಎರಡನೇ ವ್ಯಾಟಿಕನ್ ಸಭೆ 1965ರಲ್ಲಿ, ಅನಿವಾರ್ಯ ಅಜ್ಞಾನದಿಂದ ತಪ್ಪುವ ಮನಸ್ಸಾಕ್ಷಿ ತನ್ನ ಘನತೆಯನ್ನು ಕಳೆದುಕೊಳ್ಳುವುದಿಲ್ಲವೆಂದೂ, ಸತ್ಯವನ್ನು ಹುಡುಕುವ ಗೋಜಿಗೇ ಹೋಗದವನ ವಿಷಯದಲ್ಲಿ ಹೀಗೆ ಹೇಳಲಾಗದೆಂದೂ ಸ್ಪಷ್ಟಪಡಿಸಿತು. ಪೋಪ್ ಎರಡನೇ ಜಾನ್ ಪಾಲ್ 1993ರ ವಿಶ್ವಪತ್ರದಲ್ಲಿ, ಅರಿಯದೆ ಮಾಡಿದ ಕೆಡುಕಿನ ಹೊಣೆ ಮಾಡಿದವನ ಮೇಲೆ ಬೀಳದಿದ್ದರೂ ಅದು ಕೆಡುಕಾಗಿಯೇ ಉಳಿಯುತ್ತದೆಂದು ಒತ್ತಿಹೇಳಿದರು. ಪೋಪ್ ಫ್ರಾನ್ಸಿಸ್ ಕುಟುಂಬ ಜೀವನವನ್ನು ಕುರಿತ 2016ರ ದಾಖಲೆಯಲ್ಲಿ ಹೊಣೆ ತಗ್ಗಿಸುವ ಸನ್ನಿವೇಶಗಳಿಗೆ ಹೆಚ್ಚಿನ ಜಾಗ ಕೊಟ್ಟಾಗ, ನಾಲ್ವರು ಕಾರ್ಡಿನಲ್‌ಗಳು ಸ್ಪಷ್ಟನೆ ಕೋರಿ ಐದು ಪ್ರಶ್ನೆಗಳನ್ನು ಬಹಿರಂಗಪಡಿಸಿದರು.

ಲ್ಯಾಟಿನ್ ಅಮೆರಿಕದ ಬಿಷಪರ 1968ರ ಮೆಡೆಲಿನ್ ಸಮಾವೇಶದಿಂದ ಮುಂದೆ ಬೆಳೆದ ಸಾಮಾಜಿಕ ಪಾಪದ ವಿಚಾರ ಹಳೆಯ ಚೌಕಟ್ಟಿಗೆ ಸುಲಭವಾಗಿ ಹೊಂದುವುದಿಲ್ಲ. ಅನ್ಯಾಯದ ವ್ಯವಸ್ಥೆಯೊಂದರ ಲಾಭವನ್ನು ಅರಿಯದೆ ಉಣ್ಣುವವರು ಕೋಟಿಗಟ್ಟಲೆ; ಅವರ ಅಜ್ಞಾನ ಅನಿವಾರ್ಯವೋ ಅನುಕೂಲಕ್ಕಾಗಿ ಉಳಿಸಿಕೊಂಡದ್ದೋ ಎಂಬುದು ಈಗಿನ ಕ್ರೈಸ್ತ ನೀತಿಶಾಸ್ತ್ರದ ಜೀವಂತ ಪ್ರಶ್ನೆ.

ಕರ್ನಾಟಕದ ಕ್ರೈಸ್ತರಲ್ಲಿ ಈ ಪರಂಪರೆಗಳಲ್ಲಿ ಹಲವು ಜೊತೆಗೂಡಿವೆ. ಕಥೋಲಿಕರು ಪಾದ್ರಿಯ ಮುಂದೆ ವೈಯಕ್ತಿಕ ಪಾಪನಿವೇದನೆ ಮಾಡುತ್ತಾರೆ. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ಸೇರಿಕೊಂಡ ದಕ್ಷಿಣ ಭಾರತ ಸಭೆಯಲ್ಲಿ ಪ್ರಭುಭೋಜನದ ಆರಾಧನೆಯಲ್ಲಿ ಎಲ್ಲರೂ ಕೂಡಿ ಸಾಮಾನ್ಯ ಅರಿಕೆ ಮಾಡುವ ಕ್ರಮವಿದೆ. ಆ ಒಕ್ಕೂಟಕ್ಕೆ ಸೇರದೆ ಬೀದರ್, ಕೋಲಾರ, ಬೆಳಗಾವಿ ಕಡೆಗಳಲ್ಲಿ ಬೆಳೆದ ಮೆಥಡಿಸ್ಟ್ ಸಭೆಯಲ್ಲೂ ವೆಸ್ಲಿಯ ಬೋಧನೆಗಳೇ ಸಿದ್ಧಾಂತದ ಆಧಾರ.